ಎರಡು ಭಾಷೆಯ ಕರಪತ್ರ

ನಮ್ಮ ತಂಗಿಯ ಮಗಳು ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತದ್ದು 2020ರ ಡಿಸೆಂಬರಿನಲ್ಲಿ. ಆಗ ಅವಳಿಗೆ 23 ವರ್ಷ. ಬಿ.ಎ. ಮುಗಿಸಿ, ಕೊರೊನಾ ಕಾಲದಲ್ಲಿ ಶಾಲೆಗಳು ಬಾಗಿಲು ಹಾಕಿದ್ದಾಗ, ಮನೆಯ ಪಡಸಾಲೆಯಲ್ಲಿ ಮೊಹಲ್ಲಾದ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದಳು. ಚುನಾವಣೆಯಲ್ಲಿ ಒಂಬತ್ತು ಮತಗಳಿಂದ ಸೋತಳು. ಊರಿನ ಲೆಕ್ಕದಲ್ಲಿ ಅದು ಮುಗಿದ ಕಥೆ. ನಮ್ಮ ಲೆಕ್ಕದಲ್ಲಿ ಮುಗಿದಿಲ್ಲ. ಆ ಮತಗಳು ಎಲ್ಲಿ ಹೋದವೆಂಬುದು ನಮಗೆ ಗೊತ್ತು.

ಈ ಬರಹದ ಉದ್ದಕ್ಕೂ ‘ನಾವು’ ಎಂದೇ ಬರೆಯುತ್ತಿದ್ದೇವೆ. ದೊಡ್ಡಸ್ತಿಕೆಗಲ್ಲ. ಅವಳನ್ನು ಚುನಾವಣೆಗೆ ನಿಲ್ಲಿಸಿದವರು ನಾವು ಏಳೆಂಟು ಮಂದಿ. ಅವಳನ್ನು ಸೋಲಿಸಿದವರೂ ನಾವೇ. ಪೆನ್ನು ಹಿಡಿದ ಕೈ ಒಂದೇ ಆಗಿದ್ದರೂ, ಅದರ ಹಿಂದೆ ಇಡೀ ಮೊಹಲ್ಲಾದ ಮನಸ್ಸಿತ್ತು. ತಪ್ಪನ್ನು ಒಬ್ಬರ ತಲೆಗೆ ಕಟ್ಟಿ ಉಳಿದವರು ಹಗುರಾಗುವುದು ಬೇಡ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಹೋಬಳಿ ಊರು. ನಮ್ಮ ಪಂಚಾಯಿತಿ ಕ್ಷೇತ್ರದಲ್ಲಿ ನಮ್ಮ ಮೊಹಲ್ಲಾ ಇದೆ, ಅದಕ್ಕೆ ಬೆನ್ನು ಹಚ್ಚಿಕೊಂಡಂತೆ ದಲಿತರ ಕೇರಿ ಇದೆ, ಹಳ್ಳ ದಾಟಿದರೆ ಗೊಲ್ಲರಹಟ್ಟಿಯ ಕೆಲವು ಮನೆಗಳಿವೆ. ಆ ಸಲ ಕ್ಷೇತ್ರಕ್ಕೆ ಎರಡು ಸ್ಥಾನ. ಅದರಲ್ಲಿ ಒಂದು ಮಹಿಳೆಗೆ. ರಾಜ್ಯದಲ್ಲಿ ಪಂಚಾಯಿತಿಗಳ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾಗಿರುವುದರಿಂದ ಪ್ರತಿ ಚುನಾವಣೆಯಲ್ಲೂ ಗಂಡಸರು ‘ನಮ್ಮ ಕಡೆಯಿಂದ ಯಾರನ್ನು ಹಾಕೋಣ’ ಎಂದು ತಲೆ ಕೆಡಿಸಿಕೊಳ್ಳಲೇಬೇಕು. ಹಾಕುವವರು ಗಂಡಸರು. ಹಾಕಿಸಿಕೊಳ್ಳುವವಳು ಯಾರದೋ ಹೆಂಡತಿ. ಗೆದ್ದ ಮೇಲೆ ಸಭೆಗೆ ಹೋಗುವವನು ಗಂಡ. ಊರಿನಲ್ಲಿ ಅವನನ್ನೇ ‘ಮೆಂಬರ್ ಸಾಹೇಬರು’ ಎಂದು ಕರೆಯುತ್ತಾರೆ.

ನಾವು ಸ್ವಲ್ಪ ಬೇರೆ ರೀತಿ ಯೋಚಿಸಿದೆವೆಂದು ನಮಗೇ ಹೆಮ್ಮೆಯಿತ್ತು. ಓದಿದ ಹುಡುಗಿ, ಮದುವೆಯಾಗಿಲ್ಲ, ಕನ್ನಡ ಸೊಗಸಾಗಿ ಮಾತಾಡುತ್ತಾಳೆ, ಅರ್ಜಿ ಬರೆಯಬಲ್ಲಳು. ಚುನಾವಣೆಗೆ ನಿಲ್ಲಲು 21 ವರ್ಷ ತುಂಬಿರಬೇಕು, ತುಂಬಿದೆ. ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆಯಿಲ್ಲ. ಯಾರ ಮನೆ ಬಾಗಿಲಿಗೂ ಟಿಕೆಟ್ಟಿಗಾಗಿ ಹೋಗಬೇಕಿಲ್ಲ. ಮಹಿಳೆಯರಿಗೆ ಠೇವಣಿ ಬರೀ ನೂರು ರೂಪಾಯಿ. ಆ ನೂರು ರೂಪಾಯಿಯನ್ನು ಅವಳು ಟ್ಯೂಷನ್ನಿನ ಹಣದಿಂದಲೇ ಕಟ್ಟಿದಳು. ನಾವು ಕೊಡುತ್ತೇವೆಂದರೂ ಬೇಡ ಎಂದಳು. ಆಗ ನಾವು ನಕ್ಕೆವು. ನಗಬಾರದಿತ್ತು.

ಅವಳಿಗೆ ಸಿಕ್ಕಿದ ಚಿಹ್ನೆ ಹೊಲಿಗೆ ಯಂತ್ರ. ಮೊಹಲ್ಲಾದ ಹೆಂಗಸರಿಗೆ ಖುಷಿಯಾಯಿತು. ಮನೆಮನೆಯಲ್ಲೂ ಒಂದೊಂದು ಇತ್ತು.

ನಾಮಪತ್ರ ಸಲ್ಲಿಸಿದ ರಾತ್ರಿ ಮನೆಯ ಮಹಡಿಯಲ್ಲಿ ಸೇರಿದೆವು. ಮುತವಲ್ಲಿ ಸಾಹೇಬರು ಬಂದರು, ಅಂಗಡಿಯವರು ಇಬ್ಬರು ಬಂದರು, ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡು ಊರಿಗೆ ವಾಪಸಾಗಿದ್ದ ಮೂವರು ಹುಡುಗರು ಬಂದರು. ಏನೇನು ಭರವಸೆ ಕೊಡಬೇಕೆಂದು ಪಟ್ಟಿ ಶುರುವಾಯಿತು. ಖಬರಸ್ತಾನಕ್ಕೆ ಕಾಂಪೌಂಡ್ ಗೋಡೆ. ಮೊಹಲ್ಲಾದ ಬಾಯಿಗೊಂದು ಕಮಾನು. ಈದ್ಗಾದ ತನಕ ಕಾಂಕ್ರೀಟ್ ರಸ್ತೆ. ಶಾದಿ ಮಹಲ್. ಎಲ್ಲರೂ ‘ಹೌದು ಹೌದು’ ಎಂದರು. ಹುಡುಗಿ ಒಂದು ಮೂಲೆಯಲ್ಲಿ ನೋಟುಬುಕ್ಕು ಹಿಡಿದು ಕೂತಿದ್ದಳು. ಬರೆದುಕೊಳ್ಳುತ್ತಿದ್ದಾಳೆ ಎಂದುಕೊಂಡೆವು.

ಅವಳು ಬರೆದುಕೊಳ್ಳುತ್ತಿರಲಿಲ್ಲ. ಅದರಲ್ಲಿ ಆಗಲೇ ಬರೆದಿತ್ತು.

“ಮಾಮೂ, ನಾನು ನಾಲ್ಕು ದಿನದಿಂದ ಮನೆಮನೆಗೆ ಹೋಗ್ತಿದ್ದೀನಿ. ಕೇರಿಗೂ ಹೋದೆ, ಹಟ್ಟಿಗೂ ಹೋದೆ. ಓಟು ಕೇಳಲಿಕ್ಕಲ್ಲ. ನಿಮ್ಮ ಮನೆಗೆ ನೀರು ಯಾವಾಗ ಬರುತ್ತೆ ಅಂತ ಅಷ್ಟೇ ಕೇಳಿದೆ” ಎಂದಳು.

ಆ ನೋಟುಬುಕ್ಕನ್ನು ನಾವು ಆಮೇಲೆ ಎಷ್ಟೋ ಸಲ ನೋಡಿದ್ದೇವೆ. ಗೆರೆ ಎಳೆದು ಕಾಲಂ ಮಾಡಿದ್ದಳು. ಮನೆಯ ಯಜಮಾನಿಯ ಹೆಸರು, ನೀರು ಬರುವ ದಿನ, ಬರುವ ಹೊತ್ತು, ಎಷ್ಟು ಕೊಡ. ಮೊಹಲ್ಲಾಕ್ಕೆ ಎರಡು ದಿನಕ್ಕೊಮ್ಮೆ. ಕೇರಿಯಲ್ಲಿ ಕೊನೆಯ ಹನ್ನೆರಡು ಮನೆಗಳಿಗೆ ನಾಲ್ಕು ದಿನಕ್ಕೊಮ್ಮೆ, ಅದೂ ರಾತ್ರಿ ಎರಡು ಗಂಟೆಯ ಮೇಲೆ, ಅದೂ ಬೆರಳು ಗಾತ್ರ. ಅಲ್ಲಿಯ ಹೆಂಗಸರು ಸರದಿಯ ಮೇಲೆ ಎದ್ದು ಕೂರುತ್ತಿದ್ದರು. ಕೊನೆಯ ಕಾಲಂನ ತಲೆಯಲ್ಲಿ ಒಂದೇ ಪದ: ‘ಮೋಟಾರ್’. ಮೊಹಲ್ಲಾದ ಮನೆಗಳ ಮುಂದೆ ಸಾಲಾಗಿ ಸರಿ ಗುರುತು. ನಮ್ಮ ಮನೆಯ ಮುಂದೆಯೂ.

ವಿಷಯ ಇಷ್ಟೇ. ಟ್ಯಾಂಕಿನಿಂದ ಬರುವ ಪೈಪು ಮೊದಲು ನಮ್ಮ ಮೊಹಲ್ಲಾಕ್ಕೆ ಬಂದು, ಆಮೇಲೆ ಕೇರಿಗೆ ಇಳಿಯುತ್ತದೆ. ನೀರು ಬಿಟ್ಟ ಕೂಡಲೇ ನಾವು ನಲ್ಲಿಗೆ ಅರ್ಧ ಎಚ್‌ಪಿ ಮೋಟಾರ್ ಹಾಕಿ ಎಳೆದು ಮಹಡಿಯ ಸಿಂಟೆಕ್ಸ್ ತುಂಬಿಸಿಕೊಳ್ಳುತ್ತೇವೆ. ಅರವತ್ತು ಮೋಟಾರ್ ಒಟ್ಟಿಗೆ ಎಳೆದರೆ ಕೊನೆಯ ಮನೆಗೆ ಏನು ಉಳಿದೀತು? ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನೀರುಗಂಟಿಗೂ ಗೊತ್ತಿತ್ತು. ಯಾರೂ ಕಾಗದದ ಮೇಲೆ ಬರೆದಿರಲಿಲ್ಲ, ಅಷ್ಟೇ.

ಅವಳ ಆದ್ಯತೆಗಳು ಮೂರೇ ಇದ್ದವು. ಮೊದಲನೆಯದು, ನಲ್ಲಿಗೆ ಮೋಟಾರ್ ಹಾಕುವುದನ್ನು ನಿಲ್ಲಿಸಿ, ನೀರು ಬಿಡುವುದಕ್ಕೆ ಹಗಲು ಹೊತ್ತಿನಲ್ಲಿ ಸಮಯ ಗೊತ್ತು ಮಾಡುವುದು. ಎರಡನೆಯದು, ಒಂದೇ ಬಯಲಿನಲ್ಲಿ ಅಕ್ಕಪಕ್ಕ ಇರುವ ಉರ್ದು ಶಾಲೆ, ಕನ್ನಡ ಶಾಲೆ ಎರಡರ ಹೆಣ್ಣುಮಕ್ಕಳ ಶೌಚಾಲಯಕ್ಕೂ ನೀರಿನ ಸಂಪರ್ಕ ಕೊಡಿಸುವುದು. ಮೂರನೆಯದು, ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ನಡೆಸುವುದು. ಅದನ್ನು ಹೆಂಗಸರು ಬರಬಹುದಾದ ಹೊತ್ತಿನಲ್ಲಿ, ಮುಂಚಿತವಾಗಿ ಡಂಗುರ ಹೊಡೆಸಿ ನಡೆಸುವುದು. ಸಭೆ ನಡೆಸಬೇಕೆಂದು ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ನಮ್ಮ ಕಡೆ ಅದು ಹೆಚ್ಚಾಗಿ ಸಹಿ ಪುಸ್ತಕದಲ್ಲಿ ಮಾತ್ರ ನಡೆಯುತ್ತಿತ್ತು.

ಮಹಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಂಗಡಿಯವರೊಬ್ಬರು, “ಬೇಟಾ, ಓಟು ಹಾಕೋರ ಮನೆ ಮೋಟಾರ್ ಕೀಳ್ತೀನಿ ಅಂತ ಹೇಳಿ ಯಾರಾದರೂ ಓಟು ಕೇಳ್ತಾರಾ?” ಎಂದರು. ಎಲ್ಲರೂ ನಕ್ಕರು. ಮುತವಲ್ಲಿ ಸಾಹೇಬರು ನಗಲಿಲ್ಲ. “ಖಬರಸ್ತಾನದ ಗೋಡೆ ಯಾಕಮ್ಮ ಬಿಟ್ಟೆ? ನಾಯಿ ನುಗ್ತವೆ. ನಿನ್ನ ನಾನಾ ಅಲ್ಲೇ ಮಲಗಿದ್ದಾರೆ” ಎಂದರು.

“ಚಾಚಾ, ಅದು ವಕ್ಫ್ ಜಾಗ. ಗೋಡೆಗೆ ಮೊದಲು ಜಾಗ ಅಳತೆಯಾಗಬೇಕು. ಅಳತೆಗೆ ಕಮಿಟಿಯಿಂದ ಅರ್ಜಿ ಹೋಗಬೇಕು. ಇದುವರೆಗೆ ಹೋಗಿದೆಯಾ?”

ಹೋಗಿರಲಿಲ್ಲ. ಪ್ರತಿ ಚುನಾವಣೆಯಲ್ಲೂ ಗೋಡೆಯ ಮಾತು ಹೋಗುತ್ತಿತ್ತು, ಅರ್ಜಿ ಹೋಗಿರಲಿಲ್ಲ.

“ಅರ್ಜಿ ನಾನೇ ಬರೆದುಕೊಡ್ತೀನಿ. ಗೆದ್ದರೂ ಬರೆಯುತ್ತೀನಿ, ಸೋತರೂ ಬರೆಯುತ್ತೀನಿ. ಆದರೆ ಕಟ್ಟಿಸ್ತೀನಿ ಅಂತ ಮಾತು ಕೊಡೋದಿಲ್ಲ. ನನ್ನ ಕೈಲಿ ಇಲ್ಲದ್ದನ್ನು ನಾನು ಹೇಗೆ ಕೊಡಲಿ?”

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ನಮಗೆ ಕಷ್ಟವಾದದ್ದು.

ಇಲ್ಲಿ ಒಂದು ಹಳೆಯ ನೆನಪು ಹೇಳಬೇಕು. ನಾವು ಉರ್ದು ಪ್ರೈಮರಿ ಶಾಲೆಯ ಮಣೆಯ ಮೇಲೆ ಕೂತಿದ್ದ ಕಾಲಕ್ಕೆ ನಮ್ಮ ಬೀದಿಗೆ ಬೋರ್‌ವೆಲ್ ಬಂತು, ಅದರ ಮೇಲೆ ಕೈಪಂಪು ಕೂತಿತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿಗಳಾಗಿದ್ದರು. ಗುಂಡ್ಲುಪೇಟೆಯವರು. ಬರ ಬಿದ್ದ ಹಳ್ಳಿಗಳಿಗೆಲ್ಲ ಕೊಳವೆ ಬಾವಿ ಕೊರೆಸಿದ್ದರಿಂದ ಜನ ಅವರನ್ನು ‘ನೀರ್ ಸಾಬ್’ ಎಂದರು. 1983ರ ಪಂಚಾಯತ್ ಕಾಯ್ದೆಯ ಹಿಂದೆ ಇದ್ದವರು ಅವರೇ. ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಿಗೆ 1987ರಲ್ಲಿ ಚುನಾವಣೆ ನಡೆದಾಗ ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಂಗಸರಿಗೆ ಸಿಕ್ಕಿತು. ಇಡೀ ದೇಶಕ್ಕೆ ಅಂಥ ಕಾನೂನು ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಬಂದದ್ದು 1993ರಲ್ಲಿ. ಅಷ್ಟು ಹೊತ್ತಿಗೆ ನಜೀರ್ ಸಾಬ್ ಇರಲಿಲ್ಲ. 1988ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಸಂಸ್ಥೆಗೆ ಈಗಲೂ ಅವರ ಹೆಸರಿದೆ.

ನಮ್ಮ ಅಬ್ಬಾ ಆ ಕೈಪಂಪಿನ ಬಗ್ಗೆ ಮಾತು ಬಂದಾಗಲೆಲ್ಲ, “ನಮ್ಮವರು ಹಾಕಿಸಿದ್ದು” ಎಂದು ಎದೆಯುಬ್ಬಿಸುತ್ತಿದ್ದರು. ಆದರೆ ಕೈಪಂಪಿನ ಮುಂದೆ ಮೊಹಲ್ಲಾದ ಕೊಡ, ಕೇರಿಯ ಕೊಡ, ಹಟ್ಟಿಯ ಕೊಡ ಎಂದು ಸಾಲು ಬೇರೆ ಬೇರೆ ಮಾಡಲು ಹೋದ ದಿನ ಏನಾಗುತ್ತಿತ್ತು ಎಂಬುದನ್ನೂ ನಾವು ಕಂಡಿದ್ದೇವೆ. ಜಗಳವಾಗುತ್ತಿತ್ತು, ಕೊಡ ಒಡೆಯುತ್ತಿದ್ದವು. ಮಂತ್ರಿ ನಮ್ಮವರಾಗಿದ್ದರು; ನೀರು ಎಲ್ಲರದ್ದಾಗಿತ್ತು. ‘ನಮ್ಮವರು’ ಎಂಬ ಮಾತನ್ನು ನಾವು ಉಳಿಸಿಕೊಂಡೆವು. ‘ಎಲ್ಲರದ್ದು’ ಎಂಬುದನ್ನು ಮೋಟಾರ್ ಹಾಕಿ ಎಳೆದುಕೊಂಡೆವು.

ಈಗ ಕರಪತ್ರದ ವಿಷಯಕ್ಕೆ ಬರೋಣ.

ಮೊಹಲ್ಲಾದಲ್ಲಿ ಕಥೆ ಬರೆಯುವವರು ಎಂದು ನಮಗೊಂದು ಹೆಸರಿದೆ. ಏಳನೆಯ ತರಗತಿಯವರೆಗೆ ಉರ್ದು, ಆಮೇಲೆ ಕನ್ನಡದಲ್ಲಿ ಓದಿದ್ದರಿಂದ ಎರಡೂ ಬರುತ್ತದೆ. ಮದುವೆ ಪತ್ರಿಕೆಯಿಂದ ಹಿಡಿದು ತಹಸೀಲ್ದಾರರ ಅರ್ಜಿಯವರೆಗೆ ಎಲ್ಲ ನಮ್ಮ ಕೈಯಿಂದಲೇ ಆಗುತ್ತದೆ. ಹಾಗಾಗಿ ಕರಪತ್ರವೂ ನಮಗೇ ಬಂತು. ಕನ್ನಡದ್ದನ್ನು ಹುಡುಗಿ ಹೇಳಿದಂತೆಯೇ ಬರೆದೆವು. ನಾವು ಮೊದಲು ಬರೆದದ್ದರಲ್ಲಿ ‘ನಾಡಿನ ಸರ್ವತೋಮುಖ ಅಭಿವೃದ್ಧಿಯ ಹರಿಕಾರಳಾಗಿ’ ಎಂಬ ಸಾಲಿತ್ತು. ಅವಳು ಪೆನ್ಸಿಲ್ಲಿನಿಂದ ಗೀಚಿ, “ಇದು ಯಾರು ಮಾಮೂ?” ಎಂದು ಕೇಳಿದಳು. ತಂದೆಯ ಫೋಟೋ ಅವಳ ಫೋಟೋಕ್ಕಿಂತ ದೊಡ್ಡದಾಗಿತ್ತು, ಅದನ್ನೂ ತೆಗೆಸಿದಳು. ಉಳಿದದ್ದು ಅವಳ ಹೆಸರು, ಓದು, ಹೊಲಿಗೆ ಯಂತ್ರ, ಮೂರು ಅಂಶ. ಕೆಳಗೆ ಮುದ್ರಕರ ಹೆಸರು, ಪ್ರತಿಗಳ ಸಂಖ್ಯೆ. ಅಂಗೈಯಗಲದ ಹಾಳೆ.

ಉರ್ದುವಿನದ್ದನ್ನು ಅವಳಿಗೆ ತೋರಿಸಲಿಲ್ಲ.

ಮೊಹಲ್ಲಾದ ಮುದುಕರಿಗೆ, ಕನ್ನಡ ಓದಲು ಬಾರದ ಹೆಂಗಸರಿಗೆ ಉರ್ದುವಿನಲ್ಲಿ ಒಂದು ಇರಲಿ ಎಂಬುದು ಸರಿಯಾದ ಮಾತೇ. ಅದನ್ನು ಬರೆಯಲು ಕೂತಾಗ ಮಹಡಿಯ ಮಾತುಗಳೆಲ್ಲ ಕಿವಿಯಲ್ಲಿದ್ದವು. ‘ಮೋಟಾರ್ ಅಂದರೆ ನಮ್ಮ ಓಟೇ ಹೋಗುತ್ತೆ’ ಎಂದು ಒಬ್ಬರು, ‘ಗೋಡೆ ಅನ್ನದಿದ್ದರೆ ನಾನು ಮನೆಮನೆಗೆ ಬರೋದಿಲ್ಲ’ ಎಂದು ಇನ್ನೊಬ್ಬರು. ಹುಡುಗಿ ಗೆಲ್ಲಲಿ ಎಂಬ ಆಸೆಯೂ ಇತ್ತು. ಅದನ್ನು ಸುಳ್ಳೆಂದು ಹೇಳಲಾರೆವು. ಒಂದನೆಯ ಅಂಶ ಖಬರಸ್ತಾನದ ಗೋಡೆಯಾಯಿತು. ಎರಡನೆಯದು ಉರ್ದು ಶಾಲೆ. ಕನ್ನಡ ಶಾಲೆಯ ಹೆಸರು ಬಿಟ್ಟುಹೋಯಿತು. ಬಿಟ್ಟುಹೋಯಿತು ಎಂದರೆ ನಾವು ಬಿಟ್ಟೆವು. ಮೂರನೆಯದು ‘ನೀರಿನ ಸಮಸ್ಯೆಗೆ ಪರಿಹಾರ’. ಮೋಟಾರಿನ ಸುದ್ದಿಯಿಲ್ಲ. ಕೊನೆಯಲ್ಲಿ, ಕೌಮಿನ ಮಗಳಿಗೆ ಕೌಮಿನ ಓಟು ಎಂಬರ್ಥದ ಒಂದು ಪ್ರಾಸಬದ್ಧ ಸಾಲು. ಬರೆದು ಮುಗಿಸಿದಾಗ ಚೆನ್ನಾಗಿದೆ ಎನ್ನಿಸಿತು. ಎಷ್ಟು ಚೆನ್ನಾಗಿದೆ ಎಂದರೆ, ದಾವಣಗೆರೆಯಲ್ಲಿ ಇನ್‌ಪೇಜಿನಲ್ಲಿ ಟೈಪು ಮಾಡಿದ ಹುಡುಗ ಕೂಡ ‘ವಾಹ್’ ಎಂದ. ಇನ್ನೂರು ಪ್ರತಿ ಹಾಕಿಸಿದೆವು.

ಹುಡುಗಿ ಕನ್ನಡ ಮಾಧ್ಯಮದಲ್ಲಿ ಓದಿದವಳು. ಉರ್ದು ಓದಲು ಬಾರದೆಂದೇ ನಾವು ತಿಳಿದಿದ್ದೆವು. ಆದರೆ ಚಿಕ್ಕಂದಿನಲ್ಲಿ ಖುರ್‌ಆನ್ ಓದಲು ಕಲಿತ ಅಕ್ಷರಗಳು ಎಲ್ಲಿ ಹೋಗುತ್ತವೆ? ಮತದಾನಕ್ಕೆ ನಾಲ್ಕು ದಿನ ಇರುವಾಗ ಮಗ್ರಿಬ್ ಆದ ಮೇಲೆ ಒಂದು ಪ್ರತಿ ಅವಳ ಕೈಗೆ ಸಿಕ್ಕಿದೆ. ದೀಪದ ಕೆಳಗೆ ಕೂತು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಒಂದು ಗಂಟೆ ಹಿಡಿದು ಓದಿದಳಂತೆ. ರಾತ್ರಿ ಒಂಬತ್ತಕ್ಕೆ ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ನಿಂತಳು.

“ಮಾಮೂ, ಒಂದೇ ಹೆಸರಲ್ಲಿ ಎರಡು ಮಾತಾ?”

ನಾವು ಸಮಜಾಯಿಷಿ ಕೊಟ್ಟೆವು. ರಾಜಕೀಯ ಎಂದರೆ ಹೀಗೇ ಎಂದೆವು. ಮೊದಲು ಗೆಲ್ಲಬೇಕು, ಆಮೇಲೆ ಒಳ್ಳೆಯದು ಮಾಡಬಹುದು ಎಂದೆವು. ಬೇರೆ ಬೇರೆ ಜನಕ್ಕೆ ಬೇರೆ ಬೇರೆ ರೀತಿಯಲ್ಲಿ ಹೇಳುವುದು ಸುಳ್ಳಲ್ಲ ಎಂದೆವು. ಆ ಡಿಸೆಂಬರಿನಲ್ಲಿ ಪಂಚಾಯಿತಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕುತ್ತಿದ್ದಾರೆಂದು ಪತ್ರಿಕೆಗಳಲ್ಲಿ ಸುದ್ದಿ ಬರುತ್ತಿತ್ತು, ಚುನಾವಣಾ ಆಯೋಗ ಎಚ್ಚರಿಕೆ ಕೊಡುತ್ತಿತ್ತು. ಪಕ್ಕದ ಬೀದಿಯಲ್ಲಿ ಒಬ್ಬರು ಸೀರೆ ಹಂಚುತ್ತಿದ್ದರು, ಇನ್ನೊಬ್ಬರು ಕ್ವಾರ್ಟರ್ ಹಂಚುತ್ತಿದ್ದರು. “ಅವರ ಮುಂದೆ ನಮ್ಮದು ಏನು ಮಹಾ ಪಾಪ?” ಎಂದು ಕೇಳಿದೆವು.

ಅವಳು ರಾಜ್ಯಶಾಸ್ತ್ರ ಓದಿದ ಹುಡುಗಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪನ್ನು ನೆನಪಿಸಿದಳು. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ, ಅಭ್ಯರ್ಥಿಯದಷ್ಟೇ ಅಲ್ಲ, ಮತದಾರನ ಧರ್ಮವನ್ನು ಎತ್ತಿ ಕೇಳಿದರೂ ಅಷ್ಟೇ ಎಂದು ನಾಲ್ಕು ಜನ ನ್ಯಾಯಮೂರ್ತಿಗಳು ಹೇಳಿದ್ದರು, ಮೂವರು ಒಪ್ಪಿರಲಿಲ್ಲ. ಅದು ಪ್ರಜಾಪ್ರತಿನಿಧಿ ಕಾಯ್ದೆಯ ಮೇಲಿನ ತೀರ್ಪು ಎಂದು ನಾವು ತಗಾದೆ ತೆಗೆದೆವು.

“ಕಾನೂನು ಇರಲಿ ಮಾಮೂ. ಬೇರೆಯವರು ಹಿಂದೂಗಳ ಓಟು ಹಿಂದೂಗಳಿಗೇ ಅಂತ ಹೇಳಿದರೆ ನೀವು ಲೇಖನ ಬರೀತೀರಿ. ಇದನ್ನು ನೀವೇ ಬರೆದಿದ್ದೀರಿ” ಎಂದಳು.

ಆ ರಾತ್ರಿಯೇ ಅವಳು ತಮ್ಮನನ್ನು ಕರೆದುಕೊಂಡು ಮನೆಮನೆಗೆ ಹೋಗಿ ಉರ್ದು ಕರಪತ್ರಗಳನ್ನು ವಾಪಸು ಕೇಳಿದಳು. ಹಂಚಿದ್ದು ಅರವತ್ತು. ಐವತ್ತಕ್ಕಿಂತ ಕಡಿಮೆ ಸಿಕ್ಕವು. ಉಳಿದ ಕಟ್ಟನ್ನು ತಾನೇ ಎತ್ತಿಕೊಂಡು ಹೋದಳು. ಆದರೆ ಒಂದು ಹಾಳೆ ಸಾಕಲ್ಲ. ಬೆಳಗಾಗುವಷ್ಟರಲ್ಲಿ ಅದರ ಫೋಟೋ ವಾಟ್ಸಾಪಿನಲ್ಲಿ ಓಡಾಡುತ್ತಿತ್ತು, ಕೆಳಗೆ ಕನ್ನಡದಲ್ಲಿ ಅರ್ಥ. ‘ನಿಮಗೊಂದು ಹೇಳ್ತಾಳೆ, ಅವರಿಗೊಂದು ಹೇಳ್ತಾಳೆ. ನೋಡಿಕೊಳ್ಳಿ.’ ಆ ಅರ್ಥದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಎದುರಾಳಿಗಳನ್ನು ಬೈಯಲು ನಮಗೆ ಕಾರಣವೇ ಇರಲಿಲ್ಲ.

ಮಾರನೆಯ ಸಂಜೆ ಅವಳು ಕೇರಿಗೆ ಹೋದಳು. ನಾವು ನಾಲ್ಕು ಜನ ಹಿಂದೆ ಹೋದೆವು. ಸಮುದಾಯ ಭವನದ ಜಗುಲಿಯ ಮೇಲೆ ಹೆಂಗಸರು ಕೂತಿದ್ದರು, ಗಂಡಸರು ಬೇವಿನ ಮರದ ಕೆಳಗೆ ನಿಂತಿದ್ದರು. ಅಲ್ಲಿಯ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು. ನಮ್ಮ ಜಿಲ್ಲೆಯ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಎನ್ನುತ್ತಾರೆ. ನಲ್ಲಿ ನೀರು ಬಾರದ ದಿನ ಆ ಕೊನೆಯ ಮನೆಗಳವರು ಹಳೆಯ ಬೋರಿನ ನೀರನ್ನೇ ಕುಡಿಯುತ್ತಿದ್ದರು. ಶುದ್ಧ ನೀರಿನ ಘಟಕ ಊರಿನ ಇನ್ನೊಂದು ತುದಿಯಲ್ಲಿ, ಐದು ರೂಪಾಯಿಗೆ ಇಪ್ಪತ್ತು ಲೀಟರ್. ಅದೂ ಕೆಟ್ಟು ನಿಂತು ತಿಂಗಳುಗಳಾಗಿದ್ದವು. ನಮ್ಮ ಮೋಟಾರಿಗೂ ಆ ಹಲ್ಲುಗಳಿಗೂ ಸಂಬಂಧವಿದೆ ಎಂಬುದು ಅಲ್ಲಿ ನಿಂತಾಗಲೇ ನಮಗೆ ಹೊಳೆದದ್ದು.

ಹುಡುಗಿ ಎರಡೂ ಕರಪತ್ರಗಳನ್ನು ತೆಗೆದಳು. ಕನ್ನಡದ್ದನ್ನು ಓದಿದಳು. ಆಮೇಲೆ ಉರ್ದುವಿನದ್ದನ್ನು ಸಾಲು ಸಾಲಾಗಿ ಕನ್ನಡ ಮಾಡಿ ಓದಿದಳು. ಕೌಮಿನ ಸಾಲನ್ನೂ ಬಿಡಲಿಲ್ಲ.

ಒಬ್ಬ ಅಜ್ಜಿ ಕೇಳಿದರು: “ಇದನ್ನ ಬರೆದೋರು ಯಾರವ್ವಾ?”

“ನಮ್ಮ ಕಡೆಯವರೇ ಅಜ್ಜಿ. ನನಗೆ ತೋರಿಸಿರಲಿಲ್ಲ. ಆದರೆ ನನ್ನ ಹೆಸರಲ್ಲಿ ಅಚ್ಚಾಗಿದೆ. ಹಾಗಾಗಿ ತಪ್ಪು ನಂದೇ.”

ನಾವು ಹತ್ತು ಹೆಜ್ಜೆ ದೂರದಲ್ಲಿದ್ದೆವು. ಬರೆದವರು ನಾವು, ಆಕೆಯದೇನೂ ತಪ್ಪಿಲ್ಲ ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಊರಿನಲ್ಲಿ ನಮಗೊಂದು ಹೆಸರಿತ್ತು, ಕೇರಿಯ ಹುಡುಗರು ಕೂಡ ನಮ್ಮನ್ನು ‘ಸಾಹಿತಿಗಳು’ ಎನ್ನುತ್ತಿದ್ದರು. ಆ ಹೆಸರು ನಮ್ಮ ಬಾಯಿ ಕಟ್ಟಿತು. ಕಥೆಗಳಲ್ಲಿ ಎಷ್ಟೋ ಪಾತ್ರಗಳ ಬಾಯಿಂದ ಸತ್ಯ ಹೇಳಿಸಿದ ನಾವು ಬೇವಿನ ಮರದ ಕೆಳಗೆ ಮಾಸ್ಕ್ ಸರಿಮಾಡಿಕೊಳ್ಳುತ್ತ ನಿಂತಿದ್ದೆವು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಮನೇಲಿ ಮೋಟಾರ್ ಐತಾ?” ಎಂದರು.

“ಇತ್ತು ಅಜ್ಜಿ. ಹೋದ ವಾರ ಬಿಚ್ಚಿಸಿದೆ. ನಮ್ಮಮ್ಮ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡ್ತಿಲ್ಲ.”

ಹೆಂಗಸರು ನಕ್ಕರು. ಗಂಡಸರು ನಗಲಿಲ್ಲ.

ಆ ಚುನಾವಣೆ ರಾಜ್ಯದಲ್ಲಿ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ನಡೆಯಿತು, 30ರಂದು ಎಣಿಕೆ. ತಾಲ್ಲೂಕು ಕೇಂದ್ರದ ಕಾಲೇಜಿನ ಮುಂದೆ ಚಳಿಯಲ್ಲಿ ನಿಂತಿದ್ದೆವು. ಮತಪತ್ರ ಬಿಡಿಸಿ ಎಣಿಸುವುದರಿಂದ ತಡವಾಯಿತು. ಒಂಬತ್ತು ಮತ ಕಡಿಮೆ ಎಂದು ಒಳಗಿನಿಂದ ಸುದ್ದಿ ಬಂದಾಗ ಅವಳು ಗೆದ್ದವರ ಬಳಿ ಹೋಗಿ, “ಅಕ್ಕಾ, ಮುಬಾರಕ್. ವಾರ್ಡ್ ಸಭೆ ಯಾವಾಗ ಕರೀತೀರಿ?” ಎಂದು ಕೇಳಿದಳು. ಆ ಹೆಣ್ಣುಮಗಳು ಗಾಬರಿಯಿಂದ ಗಂಡನ ಮುಖ ನೋಡಿದರು.

ಕೇರಿಯ ಹನ್ನೆರಡು ಕೊನೆಯ ಮನೆಗಳಲ್ಲಿ ಇದ್ದ ಮತಗಳು ಒಂಬತ್ತಕ್ಕಿಂತ ಎಷ್ಟೋ ಹೆಚ್ಚು. ನೋಟುಬುಕ್ಕು ಹಿಡಿದು ಹೋದಾಗ ಅವಳನ್ನು ಕೂರಿಸಿ ಚಹ ಕೊಟ್ಟ ಮನೆಗಳು ಅವು. ಇದಕ್ಕಿಂತ ಬೇರೆ ಲೆಕ್ಕ ನಮಗೆ ಬೇಕಿಲ್ಲ. ಇನ್ನೊಂದು ಮಾತು: ಗೋಡೆ ಇಲ್ಲದಿದ್ದರೆ ಮನೆಮನೆಗೆ ಬರುವುದಿಲ್ಲ ಎಂದಿದ್ದವರು ಕೊನೆಗೂ ಬರಲಿಲ್ಲ. ಅವರಿಗಾಗಿ ಬರೆದ ಕರಪತ್ರ ಅವರ ಮತವನ್ನೂ ತರಲಿಲ್ಲ.

ಓದುಗರು ಕೇಳಬಹುದು: ಸೋತವಳ ಆದ್ಯತೆಗಳಿಂದ ಊರಿಗೇನಾಯಿತು? ಎಲ್ಲವೂ ಆಯಿತು ಎಂದು ಹೇಳಲಾರೆವು. 2021ರಲ್ಲಿ ಅವಳು ಪಂಚಾಯಿತಿಗೆ ಮೂರು ಸಲ ಅರ್ಜಿ ಕೊಟ್ಟ ಮೇಲೆ ವಾರ್ಡ್ ಸಭೆ ಕರೆದರು. ಹದಿನೇಳು ಜನ ಹೆಂಗಸರು ಬಂದಿದ್ದರು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಮುಂದೆ ಅವಳು ಆ ಕಾಲಂ ಹಾಕಿದ ಹಾಳೆಗಳನ್ನು ಇಟ್ಟಳು. ನೀರು ಬಿಡುವ ಹೊತ್ತು ರಾತ್ರಿ ಎರಡರಿಂದ ಬೆಳಿಗ್ಗೆ ಆರಕ್ಕೆ ಬಂತು. ಅದಕ್ಕೆ ಸರ್ಕಾರದ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಎರಡೂ ಶಾಲೆಗಳ ಶೌಚಾಲಯಕ್ಕೆ ಒಂದೇ ಪೈಪು ಎಳೆದರು. ಜಲ ಜೀವನ್ ಮಿಷನ್ನಿನಲ್ಲಿ ರಸ್ತೆ ಅಗೆದು ಹೊಸ ನಲ್ಲಿಗಳು ಬಂದವು. ಹೊಸ ನಲ್ಲಿಗಳಿಗೂ ಹಳೆಯ ಮೋಟಾರುಗಳೇ ಕೂತವು. ಅರವತ್ತರಲ್ಲಿ ಇಪ್ಪತ್ತೋ ಇಪ್ಪತ್ತೆರಡೋ ಹೋಗಿವೆ, ಅಷ್ಟೇ. ಪೈಪು ಸರ್ಕಾರ ಹಾಕಬಹುದು. ಮೋಟಾರ್ ಬಿಚ್ಚುವುದು ಮನೆಯವರೇ ಆಗಬೇಕು.

ನಮ್ಮ ಮನೆಯದನ್ನು ಎಣಿಕೆಯ ಮಾರನೆಯ ದಿನ ಬಿಚ್ಚಿದೆವು. ಮಹಡಿಯ ಸಿಂಟೆಕ್ಸ್ ಈಗ ಬಟ್ಟೆ ಒಣಗಿಸುವ ಹಗ್ಗಕ್ಕೆ ಆಸರೆಯಾಗಿದೆ. ಬೆಳಿಗ್ಗೆ ಆರಕ್ಕೆ ಎದ್ದು ಕೊಡ ಹಿಡಿಯುತ್ತೇವೆ. ಬೆನ್ನು ನೋಯುತ್ತದೆ.

ಖಬರಸ್ತಾನದ ಅಳತೆಗೆ ಅರ್ಜಿಯನ್ನು ಅವಳು ಮಾತು ಕೊಟ್ಟಂತೆ ಸೋತ ಮೇಲೂ ಬರೆದುಕೊಟ್ಟಳು. ಸರ್ವೆಯವರು ಬಂದು ನಾಲ್ಕು ಮೂಲೆಗೂ ಕಲ್ಲು ನೆಟ್ಟು ಹೋದರು. ಗೋಡೆ ಇನ್ನೂ ಎದ್ದಿಲ್ಲ. ಆದರೆ ಎಷ್ಟು ಜಾಗ ನಮ್ಮದು ಎಂಬುದು ಮೊದಲ ಸಲ ಕಾಗದದ ಮೇಲಿದೆ. ಮುತವಲ್ಲಿ ಸಾಹೇಬರು ಆ ನಕ್ಷೆಯನ್ನು ಫ್ರೇಮು ಹಾಕಿಸಿ ಇಟ್ಟುಕೊಂಡಿದ್ದಾರೆ.

ನಮ್ಮವರು ಪ್ರತಿ ಚುನಾವಣೆ ಬಂದಾಗಲೂ, ‘ಓಟು ಅಮಾನತ್’ ಎಂದು ಭಾಷಣ ಮಾಡುತ್ತಾರೆ. ಅಮಾನತ್ ಎಂದರೆ ಇನ್ನೊಬ್ಬರು ನಂಬಿ ನಮ್ಮ ಕೈಯಲ್ಲಿ ಇಟ್ಟದ್ದು. ಹುಡುಗಿಯ ಹೆಸರನ್ನೂ ಅವಳ ಮಾತನ್ನೂ ಅವಳು ನಮ್ಮ ಕೈಯಲ್ಲಿಟ್ಟಿದ್ದಳು. ಅದನ್ನು ನಾವು ಹೇಗೆ ಕಾಪಾಡಿದೆವು ಎಂಬುದನ್ನು ಮೇಲೆ ಬರೆದಿದ್ದೇವೆ. ಯುವಕರು ರಾಜಕೀಯಕ್ಕೆ ಬರಬೇಕು, ಹೆಣ್ಣುಮಕ್ಕಳು ಮುಂದೆ ಬರಬೇಕು ಎಂದು ನಮ್ಮ ವೇದಿಕೆಗಳಿಂದ ಕರೆ ಕೊಡುವುದು ಸುಲಭ. ಬಂದವರು ತಮ್ಮದೇ ಆದ್ಯತೆಗಳನ್ನು ಹಿಡಿದು ಬಂದಾಗ ಅವುಗಳನ್ನು ಹಾಗೆಯೇ ಇರಗೊಡುವುದು ಕಷ್ಟ. ನಮಗೆ ಬೇಕಾಗಿದ್ದದ್ದು ಹುಡುಗಿಯ ಹೊಸ ಮುಖ, ಅದರ ಹಿಂದೆ ನಮ್ಮದೇ ಹಳೆಯ ಪಟ್ಟಿ.

ಆ ಐದು ವರ್ಷದ ಅವಧಿ ಮುಗಿಯುವ ಹೊತ್ತಿಗೆ ಮೊಹಲ್ಲಾದವರು ಮತ್ತೆ ಅವಳ ಹೆಸರೆತ್ತಿದರು. ಈಗ ಅವಳಿಗೆ ಮದುವೆಯಾಗಿದೆ, ಊರಿನಲ್ಲೇ ಇದ್ದಾಳೆ, ಟ್ಯೂಷನ್ನಿಗೆ ಕೇರಿಯ ಮಕ್ಕಳೂ ಬರುತ್ತಾರೆ. ಈ ಲೇಖನ ಬರೆಯುವ ಮುಂಚೆ ಅವಳ ಅನುಮತಿ ಕೇಳಲು ಹೋಗಿದ್ದೆವು. ಕೇರಿಯಲ್ಲಿ ಅಂದು ಹೇಳದ ಮಾತನ್ನು ಅಚ್ಚಿನಲ್ಲಾದರೂ ಹೇಳಬೇಕೆಂದಿದ್ದೇವೆ ಎಂದೆವು.

“ಬರೀರಿ ಮಾಮೂ. ಆದರೆ ಅಜ್ಜಿಗೆ ಓದೋಕೆ ಬರೋದಿಲ್ಲ. ಅವರ ಹತ್ತಿರ ನೀವೇ ಹೋಗಿ ಹೇಳಬೇಕು” ಎಂದಳು.

ಹೋದೆವು. ಅಜ್ಜಿಗೆ ಈಗ ಕಣ್ಣು ಮಂಜಾಗಿದೆ. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಗೊತ್ತಿತ್ತು ಬುಡಪ್ಪ. ನಮ್ಮೂರಾಗೆ ಹಂಗೆ ಬರೆಯೋರು ಬ್ಯಾರೆ ಯಾರವ್ರೆ?” ಎಂದರು. ಆಮೇಲೆ ಮೊಮ್ಮಗಳನ್ನು ಕೂಗಿ, ನಮಗೆ ಕುಡಿಯಲು ನೀರು ತರಲು ಹೇಳಿದರು.